ಹಾಸ್ಟೆಲ್‌ನ ಜ್ವರ, ಎಕ್ಸೆಲ್‌ನ 768: ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ನಾನು ವಸತಿ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಹಾಸ್ಟೆಲ್ ವಾರ್ಡನ್ ಕೆಲಸವೂ ನನ್ನದೇ. 420 ಮಕ್ಕಳಿದ್ದಾರೆ. ಕೆಲವು ತಿಂಗಳ ಹಿಂದೆ ಹಾಸ್ಟೆಲ್‌ಗೆ ಫ್ಲೂ ಬಂತು. ಮೊದಲ ದಿನ 3 ಮಕ್ಕಳು ಮಲಗಿದರು. ಮೂರನೇ ದಿನಕ್ಕೆ ಒಟ್ಟು 6, ಐದನೇ ದಿನಕ್ಕೆ 12. ಎರಡು ದಿನಕ್ಕೊಮ್ಮೆ ದುಪ್ಪಟ್ಟು ಅಂತ ಎಕ್ಸೆಲ್‌ನಲ್ಲಿ ಎಳೆದೆ. 15ನೇ ದಿನಕ್ಕೆ 384 ಬಂತು, 17ನೇ ದಿನಕ್ಕೆ 768! ಗಾಬರಿಯಾಗಿ ಆಡಳಿತ ಮಂಡಳಿಗೆ ‘ಎರಡು ವಾರದಲ್ಲಿ ಎಲ್ಲರೂ ಮಲಗುತ್ತಾರೆ, ಮಕ್ಕಳನ್ನು ಮನೆಗೆ ಕಳಿಸಿಬಿಡೋಣ’ ಎಂದೆ. ಅವರು ಒಪ್ಪಲಿಲ್ಲ. ಆರನೇ ದಿನದಿಂದ ಜ್ವರ ಬಂದವರನ್ನು ಬೇರೆ ಹಾಲ್‌ನಲ್ಲಿ ಮಲಗಿಸಿದೆವು. ಬೆಳಗಿನ ಪ್ರಾರ್ಥನೆ ನಿಲ್ಲಿಸಿದೆವು, ಊಟವನ್ನು ಮೂರು ಪಾಳಿ ಮಾಡಿದೆವು. ಕೊನೆಗೆ ಮಲಗಿದವರು ಒಟ್ಟು 131. ಈಗ ಸ್ಟಾಫ್ ರೂಮಿನಲ್ಲಿ ನನ್ನನ್ನು ‘ಜೋಯಿಸರು’ ಅಂತ ಕರೆಯುತ್ತಾರೆ. ಒಬ್ಬ ಸಹೋದ್ಯೋಗಿ, ‘ಬಯಾಲಜಿ ಯಾಕೆ ಬೇಕು? ಬಂದ ಅಂಕಿಗಳಿಗೆ ಗಂಟೆ ಆಕಾರದ ಗೆರೆ ಕೂರಿಸಿದ್ದರೆ ಸಾಕಿತ್ತು’ ಎನ್ನುತ್ತಾರೆ. ಇನ್ನೊಬ್ಬರ ಪ್ರಕಾರ ಟಿವಿಯಲ್ಲಿ ಬರುವ ಲಕ್ಷಾಂತರ ಸಾವಿನ ಲೆಕ್ಕಗಳೆಲ್ಲ ಇಂಥವೇ, ಸುಳ್ಳು. ನನ್ನ ಲೆಕ್ಕ ಎಲ್ಲಿ ತಪ್ಪಿತು? ಮುಂದಿನ ಸಲ ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಗುಣಾಕಾರದಲ್ಲಿ ನೀವು ತಪ್ಪಿಲ್ಲ. ಮೊದಲ ಐದು ದಿನದ ಮಟ್ಟಿಗೆ ನಿಮ್ಮ ಲೆಕ್ಕ ಚೆನ್ನಾಗಿಯೇ ಇತ್ತು. 420 ಮಕ್ಕಳಿರುವ ಕಡೆ 768 ಮಕ್ಕಳಿಗೆ ಜ್ವರ ಬರೋಲ್ಲ ಅಂತ ನಿಮಗೂ ಗೊತ್ತಿತ್ತು. ಆದರೆ 420 ದಾಟಿದ ಮೇಲಷ್ಟೇ ಲೆಕ್ಕ ಕೆಡುತ್ತದೆ ಅಂದುಕೊಂಡಿರಿ. ನಿಜಕ್ಕೂ ಅದು ಬಹಳ ಮೊದಲೇ ಕೆಡಲು ಶುರುವಾಗುತ್ತದೆ.

ಮಕ್ಕಳ ಮುಟ್ಟಾಟ ನೆನೆಸಿಕೊಳ್ಳಿ. ಒಂದು ಸಣ್ಣ ಬದಲಾವಣೆ: ಮುಟ್ಟಿಸಿಕೊಂಡವನು ಸ್ವಲ್ಪ ಹೊತ್ತು ಓಡಾಡಿ ಬೇರೆಯವರನ್ನು ಮುಟ್ಟುತ್ತಾನೆ. ಆಮೇಲೆ ಔಟು. ಆದರೆ ಮೈದಾನ ಬಿಟ್ಟು ಹೋಗುವುದಿಲ್ಲ, ಎಲ್ಲರ ನಡುವೆಯೇ ಅಡ್ಡಾಡುತ್ತಿರುತ್ತಾನೆ. ಶುರುವಿನಲ್ಲಿ ಯಾರನ್ನು ಮುಟ್ಟಿದರೂ ಹೊಸಬರೇ. ಅರ್ಧ ಜನ ಔಟಾದ ಮೇಲೆ ಎರಡು ಸಲ ಕೈ ಚಾಚಿದರೆ ಒಂದು ಸಲ ಸಿಗುವುದು ಔಟಾದವನೇ. ಓಟ ಅಷ್ಟೇ ಜೋರಾಗಿದ್ದರೂ ಆಟ ನಿಧಾನವಾಗುತ್ತದೆ. ‘ಎರಡು ದಿನಕ್ಕೆ ದುಪ್ಪಟ್ಟು’ ಅನ್ನುವ ಮಾತಿಗೆ ಹೊಸ ಮಕ್ಕಳು ಸಿಗುತ್ತಲೇ ಇರಬೇಕು. ನಿಮ್ಮ ಎಕ್ಸೆಲ್‌ಗೆ ಅದು ಗೊತ್ತಿರಲಿಲ್ಲ.

ಇದನ್ನು ಸಮೀಕರಣಕ್ಕೆ ಇಳಿಸಿದವರು ಕೆರ್ಮಾಕ್ ಮತ್ತು ಮೆಕೆಂಡ್ರಿಕ್, 1927ರಲ್ಲಿ. ಕೆರ್ಮಾಕ್ ರಸಾಯನಶಾಸ್ತ್ರದವರು. 1924ರಲ್ಲಿ ಲ್ಯಾಬ್‌ನಲ್ಲಿ ಆದ ಸ್ಫೋಟದಲ್ಲಿ ಎರಡೂ ಕಣ್ಣು ಕಳೆದುಕೊಂಡಿದ್ದರು. ಮೆಕೆಂಡ್ರಿಕ್ ವೈದ್ಯರು. ಜನರನ್ನು ಮೂರು ಗುಂಪು ಮಾಡಿ ಅಂದರು: ಇನ್ನೂ ಸೋಂಕು ತಗುಲದವರು, ಈಗ ಹರಡುತ್ತಿರುವವರು, ಹರಡುವುದು ಮುಗಿದವರು. ಇವತ್ತು ಇದರ ಸರಳ ರೂಪಕ್ಕೆ, ಆ ಮೂರು ಗುಂಪುಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರ ಸೇರಿಸಿ, ಎಸ್‌ಐಆರ್ ಮಾಡೆಲ್ ಅಂತ ಹೆಸರು. ಅವರ ದೊಡ್ಡ ಮಾತು ಏನೆಂದರೆ, ಸಾಂಕ್ರಾಮಿಕ ನಿಲ್ಲಲು ಎಲ್ಲರಿಗೂ ಸೋಂಕು ಬರಬೇಕಾಗಿಲ್ಲ, ರೋಗಾಣು ದುರ್ಬಲವಾಗಬೇಕಾಗಿಯೂ ಇಲ್ಲ. ಒಬ್ಬ ರೋಗಿ ಸರಾಸರಿ ಒಬ್ಬರಿಗಿಂತ ಕಡಿಮೆ ಜನಕ್ಕೆ ದಾಟಿಸುವ ಸ್ಥಿತಿ ಬಂದರೆ ಸಾಕು. ಈ ಸರಾಸರಿಯೇ ಸುದ್ದಿಯಲ್ಲಿ ಕೇಳುವ ‘ಆರ್’.

ಆರ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ರೋಗಾಣುವಿನ ಮೈಮೇಲೆ ಬರೆದಿರುವ ನಂಬರ್ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ದಡಾರಕ್ಕೆ 12ರಿಂದ 18, ಕೋವಿಡ್‌ನ ಮೊದಲ ತಳಿಗೆ ಸುಮಾರು ಎರಡೂವರೆಯಿಂದ ಮೂರು, ಹೀಗೆ ಪಟ್ಟಿ ನೋಡಿರುತ್ತೀರಿ. ಅವೆಲ್ಲ ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ, ಯಾವ ಎಚ್ಚರಿಕೆಯೂ ಇಲ್ಲದ ಜನಸಮೂಹದ ಅಂದಾಜು. ಅದೇ ವೈರಸ್ ಒಂದೇ ಹಾಲ್‌ನಲ್ಲಿ ಮಲಗುವ ಮಕ್ಕಳ ನಡುವೆ ಒಂದು ಆರ್ ತೋರಿಸುತ್ತದೆ, ಬಿಡಿ ಬಿಡಿ ಮನೆಗಳಲ್ಲಿ ಇನ್ನೊಂದು. ಆರ್‌ನಲ್ಲಿ ರೋಗಾಣು ಎಷ್ಟಿದೆಯೋ ನಮ್ಮ ಓಡಾಟವೂ ಅಷ್ಟೇ ಇದೆ.

ನಿಮ್ಮ ಹಾಸ್ಟೆಲ್‌ನ ಆರ್ ಎಷ್ಟಿತ್ತು? ಫ್ಲೂನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಸುಮಾರು ಮೂರು ದಿನ ಅಂತ ಇಟ್ಟುಕೊಳ್ಳೋಣ. ಎರಡು ದಿನಕ್ಕೆ ದುಪ್ಪಟ್ಟು ಅಂದರೆ ದಿನಕ್ಕೆ 0.35ರ ದರ. ಅದನ್ನು ಮೂರರಿಂದ ಗುಣಿಸಿ ಒಂದು ಕೂಡಿಸಿದರೆ ಎರಡರ ಹತ್ತಿರ ಬರುತ್ತದೆ. ಒರಟು ಲೆಕ್ಕ, ಆದರೆ ಇಲ್ಲಿಗೆ ಸಾಕು.

ಶುರುವಿನಲ್ಲಿ ಆರ್ ಎರಡು ಇದ್ದರೆ, ಅರ್ಧ ಜನಕ್ಕೆ ಸೋಂಕು ತಗುಲಿದ ಹೊತ್ತಿಗೆ ಅದು ಒಂದಕ್ಕಿಳಿದು ಏರಿಕೆ ನಿಲ್ಲುತ್ತದೆ. ಇಲ್ಲೇ ಹಲವರು ಎಡವುವುದು: ಏರಿಕೆ ನಿಂತಿತು ಅಂದರೆ ರೋಗ ನಿಂತಿತು ಅಂತಲ್ಲ. ಆ ಹೊತ್ತಿಗೆ ಹಾಸ್ಟೆಲ್ ತುಂಬ ಹರಡುವವರೇ ಇರುತ್ತಾರೆ. ಇಳಿಯುತ್ತಾ ಇಳಿಯುತ್ತಾ ಅವರು ಇನ್ನಷ್ಟು ಜನಕ್ಕೆ ಕೊಟ್ಟೇ ಹೋಗುತ್ತಾರೆ. ಕೊನೆಗೆ ನೂರಕ್ಕೆ 80 ಮಂದಿಗೆ ಸೋಂಕು. ನಿಮ್ಮಲ್ಲಿ ಅದು 336 ಮಕ್ಕಳು. ನೀವು ಆಡಳಿತ ಮಂಡಳಿಗೆ ‘ಎಲ್ಲರೂ’ ಅನ್ನುವ ಬದಲು ಈ 336 ಹೇಳಿದ್ದರೂ ಕೊನೆಯ 131ರ ಮುಂದೆ ಅದು ತಪ್ಪಾಗಿಯೇ ಕಾಣುತ್ತಿತ್ತು. ಹಾಗಾದರೆ ಉಳಿದ ಸುಮಾರು 200 ಮಕ್ಕಳು ಎಲ್ಲಿ ಹೋದರು? ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದಿಟ್ಟ ಪ್ರಶ್ನೆ ಇದು.

ನಾನು ಎರಡು ಥರ ಲೆಕ್ಕ ಹಾಕಿ ನೋಡಿದೆ.

ಮೊದಲನೆಯದು ನಿಮಗೆ ಖುಷಿ ಕೊಡುವಂಥದ್ದು. ಎಲ್ಲ ಮಕ್ಕಳಿಗೂ ಸೋಂಕು ತಗುಲುವ ಸಾಧ್ಯತೆ ಇತ್ತು. ಸೋಂಕು ತಗುಲಿದ ಎಲ್ಲರೂ ಜ್ವರದಿಂದ ಮಲಗಿದರು. ಆರನೇ ದಿನ ನೀವು ಮಾಡಿದ ವ್ಯವಸ್ಥೆಯಿಂದ ಆರ್ ಎರಡರಿಂದ ಒಂದಕ್ಕೆ ಇಳಿಯಿತು. ಹೀಗೆ ಹಾಕಿದರೆ ಕೊನೆಯ ಮೊತ್ತ 130ರ ಸುತ್ತಮುತ್ತ ಬರುತ್ತದೆ. ಅಂದರೆ ನೀವು 200 ಮಕ್ಕಳನ್ನು ಜ್ವರದಿಂದ ಉಳಿಸಿದಿರಿ.

ಎರಡನೆಯದರಲ್ಲಿ ನಿಮ್ಮ ವ್ಯವಸ್ಥೆಗೆ ಏನೂ ಕೆಲಸವಿಲ್ಲ. ಹಿಂದಿನ ವರ್ಷಗಳ ಫ್ಲೂನಿಂದಲೋ ಲಸಿಕೆಯಿಂದಲೋ ನೂರಕ್ಕೆ 40 ಮಕ್ಕಳಿಗೆ ಮೊದಲೇ ರಕ್ಷಣೆ ಇತ್ತು ಅನ್ನಿ. ಉಳಿದವರು 252. ಅವರ ನಡುವೆ ರೋಗ ಎರಡರ ಆರ್‌ನಲ್ಲಿ ಹರಡಿ, ಅವರಲ್ಲಿ ನೂರಕ್ಕೆ 80 ಮಂದಿಗೆ, ಅಂದರೆ ಸುಮಾರು 200 ಮಕ್ಕಳಿಗೆ ಸೋಂಕು ತಂತು. ಅವರಲ್ಲಿ ಮೂರನೇ ಒಂದು ಭಾಗಕ್ಕೆ ಬರೀ ನೆಗಡಿ, ಅಥವಾ ಅದೂ ಇಲ್ಲ. ಹಾಗಾಗಿ ಮಲಗಿದವರು 134. ನೀವು ಹಾಲ್ ಬದಲಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ!

ಒಂದೇ 131, ಎರಡು ಪೂರ್ತಿ ಬೇರೆ ಕಥೆ. ಎರಡಕ್ಕೂ ಗಣಿತ ಒಪ್ಪುತ್ತದೆ. ಸಾಂಕ್ರಾಮಿಕಗಳ ಲೆಕ್ಕ ಹಾಕುವ ನಮ್ಮ ಕೆಲಸದಲ್ಲಿ ದಿನಾ ಕಾಡುವ ತಲೆನೋವು ಇದು. ಕೊನೆಯ ಮೊತ್ತವೊಂದನ್ನೇ ಇಟ್ಟುಕೊಂಡು ಕಾರಣ ಹೇಳುವವರನ್ನು ನಾನು ನಂಬುವುದಿಲ್ಲ, ಅವರು ಸಮೀಕರಣ ಬರೆದರೂ ಸರಿ, ಬರೆಯದಿದ್ದರೂ ಸರಿ. ನಿಜಕ್ಕೂ ಸತ್ಯ ಇವೆರಡರ ಮಧ್ಯೆ ಎಲ್ಲೋ ಇರುವ ಸಂಭವವೇ ಜಾಸ್ತಿ.

ಇಂಥದ್ದೇ ಒಂದು ಪ್ರಸಿದ್ಧ ಪ್ರಕರಣ ಇದೆ. 1978ರ ಶುರುವಿನಲ್ಲಿ ಇಂಗ್ಲೆಂಡಿನ ಹುಡುಗರ ವಸತಿ ಶಾಲೆಯೊಂದಕ್ಕೆ ಫ್ಲೂ ಬಂತು. 763 ಹುಡುಗರಲ್ಲಿ 512 ಮಂದಿ ಹಾಸಿಗೆ ಹಿಡಿದರು. ಎರಡು ವಾರದಲ್ಲಿ ಎಲ್ಲ ಮುಗಿಯಿತು. ಒಂದು ಹಂತದಲ್ಲಿ ಒಂದೇ ದಿನ ಸುಮಾರು 300 ಹುಡುಗರು ಹಾಸಿಗೆಯಲ್ಲಿದ್ದರು. ಅದು ಎಚ್1ಎನ್1 ಫ್ಲೂ. ಸುಮಾರು ಇಪ್ಪತ್ತು ವರ್ಷ ಕಾಣೆಯಾಗಿ 1977ರಲ್ಲಿ ಮರಳಿ ಬಂದಿತ್ತು, ಹಾಗಾಗಿ ಆ ವಯಸ್ಸಿನ ಹುಡುಗರಿಗೆ ಅದರ ಪರಿಚಯವೇ ಇರಲಿಲ್ಲ. ನಮ್ಮ ವಿದ್ಯಾರ್ಥಿಗಳು ಮೊದಲು ಕಲಿಯುವ ಉದಾಹರಣೆಗಳಲ್ಲಿ ಇದೂ ಒಂದು. ಎಸ್‌ಐಆರ್ ಗೆರೆ ಆ ಅಂಕಿಗಳ ಮೇಲೆ ಚಂದವಾಗಿ ಕೂರುತ್ತದೆ, ಆರ್ ಮೂರೂವರೆಗಿಂತ ಜಾಸ್ತಿ ಬರುತ್ತದೆ. ಆದರೆ ಅಷ್ಟು ಆರ್ ಇದ್ದರೆ ನೂರಕ್ಕೆ 95ಕ್ಕೂ ಜಾಸ್ತಿ ಹುಡುಗರಿಗೆ ಸೋಂಕು ತಗುಲಬೇಕಿತ್ತು. ಹಾಸಿಗೆ ಹಿಡಿದವರು ನೂರಕ್ಕೆ 67 ಮಾತ್ರ. ಉಳಿದವರಿಗೆ ಸೋಂಕು ಬರಲೇ ಇಲ್ಲವೋ, ಬಂದರೂ ಮಲಗಲಿಲ್ಲವೋ? ಗೆರೆ ಹೇಳುವುದಿಲ್ಲ. ಹಾಸಿಗೆ ಎಣಿಸುವುದೇ ಬೇರೆ, ಸೋಂಕು ಎಣಿಸುವುದೇ ಬೇರೆ.

ಗೆರೆ ಚಂದ ಕೂತಿತು ಅಂದ ಮಾತ್ರಕ್ಕೆ ಕಾರಣ ಸಿಕ್ಕಿತು ಅಂತಲ್ಲ. ಕೆರ್ಮಾಕ್ ಮತ್ತು ಮೆಕೆಂಡ್ರಿಕ್ ಕೂಡ ತಮ್ಮ ಸಮೀಕರಣವನ್ನು 1905–06ರ ಬಾಂಬೆ ಪ್ಲೇಗ್ ಸಾವಿನ ಅಂಕಿಗಳ ಮೇಲೆ ಕೂರಿಸಿ ತೋರಿಸಿದ್ದರು. ಅದ್ಭುತವಾಗಿ ಕೂತಿತು. ಆದರೆ ಪ್ಲೇಗ್ ಹರಡಿದ್ದು ಇಲಿಗಳ ಚಿಗಟದಿಂದ. ಅವರು ಕೂರಿಸಿದ ಗೆರೆಯ ಲೆಕ್ಕದಲ್ಲಿ ಒಂದು ಇಲಿಯೂ ಇರಲಿಲ್ಲ.

ಇನ್ನು ಗಂಟೆ ಆಕಾರದ ಗೆರೆಯವರಿಗೆ ಬರುತ್ತೇನೆ. ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಅರ್ಧ ನಿಜ. ಮುಂದಿನ ಮೂರು ನಾಲ್ಕು ದಿನಕ್ಕೆ ಎಷ್ಟು ಹಾಸಿಗೆ ಬೇಕು ಅನ್ನುವುದಕ್ಕೆ ಸುಮ್ನೆ ಗೆರೆ ಎಳೆದರೂ ನಡೆಯುತ್ತದೆ. ದೊಡ್ಡ ಮಾಡೆಲ್‌ಗಳನ್ನು ಅದು ಸೋಲಿಸುವುದೂ ಉಂಟು. ತೊಂದರೆ ದೂರದ ಊಹೆಯಲ್ಲಿ. ಮೇಲೆ ಹೋದದ್ದು ಅಷ್ಟೇ ವೇಗದಲ್ಲಿ ಕೆಳಗೆ ಬರುತ್ತದೆ ಅಂತ ಆ ಗಂಟೆ ಆಕಾರದ ಗೆರೆ ಮೊದಲೇ ತೀರ್ಮಾನ ಮಾಡಿಕೊಂಡಿರುತ್ತದೆ. 1990ರಲ್ಲಿ ಇಬ್ಬರು ಸಂಶೋಧಕರು ಅಮೆರಿಕದ ಏಡ್ಸ್ ಅಂಕಿಗಳಿಗೆ ಇದೇ ರೀತಿ ಮಾಡಿದರು. 1988ರ ಹೊತ್ತಿಗೇ ಶಿಖರ ಮುಗಿದಿದೆ, ಒಟ್ಟು ಸುಮಾರು ಎರಡು ಲಕ್ಷ ಪ್ರಕರಣಕ್ಕೆ ನಿಲ್ಲುತ್ತದೆ ಎಂದರು. 1995ರ ಹೊತ್ತಿಗೆ ಅಲ್ಲಿನ ಲೆಕ್ಕ ಐದು ಲಕ್ಷ ದಾಟಿತ್ತು. ಎಚ್‌ಐವಿ ಮೈಸೇರಿ ಏಡ್ಸ್ ಆಗಲು ವರ್ಷಗಟ್ಟಲೆ ಬೇಕು. ಹೊಸ ಗುಂಪುಗಳಿಗೆ ಅದು ಹಬ್ಬುತ್ತಲೂ ಇತ್ತು. ಗೆರೆಗೆ ಇದು ಹೇಗೆ ಗೊತ್ತಾಗಬೇಕು? ಬಯಾಲಜಿ ಬೇಕಾಗುವುದು ಇಲ್ಲಿ.

ಹಾಗಂತ ಬಯಾಲಜಿ ತುಂಬಿದ ಮಾಡೆಲ್ ತಾನಾಗಿಯೇ ಸರಿ ಅಂತಲೂ ಅಲ್ಲ. ನನ್ನದೇ ಒಂದು ಕಥೆ ಹೇಳುತ್ತೇನೆ. ವೃತ್ತಿಯ ಶುರುವಿನಲ್ಲಿ ಒಂದು ಜ್ವರದ ಅಂಕಿಗಳಲ್ಲಿ ವಾರಕ್ಕೊಮ್ಮೆ ಏರಿಳಿತ ಕಂಡೆ. ರೋಗಾಣುವಿನ ಜೀವನಚಕ್ರವೇ ಏಳು ದಿನದ್ದು ಅಂತ ಅದಕ್ಕೊಂದು ಸಮೀಕರಣ ಕಟ್ಟಿದೆ. ಹದಿನೈದು ದಿನ ಹಿಡಿಯಿತು. ಆಮೇಲೆ ಲ್ಯಾಬ್‌ನ ಹುಡುಗನೊಬ್ಬ ನಗುತ್ತಾ ಹೇಳಿದ: ‘ಭಾನುವಾರ ನಮಗೆ ರಜ ಅಲ್ವಾ ಸರ್? ಎರಡು ದಿನದ್ದು ಸೋಮವಾರ ಬರುತ್ತೆ.’ ಅವತ್ತಿನಿಂದ ನಾನು ಮಾಡೆಲ್ ಕಟ್ಟುವ ಮೊದಲು ಅಂಕಿ ಬರೆದವರನ್ನು ಮಾತಾಡಿಸುತ್ತೇನೆ.

ನಿಮ್ಮ ಹಾಸ್ಟೆಲ್‌ನಂಥ ಸಣ್ಣ ಜಾಗದಲ್ಲಿ ಇನ್ನೊಂದು ವಿಷಯ ಸೇರುತ್ತದೆ: ಅದೃಷ್ಟ. ಆರ್ ಎರಡು ಅನ್ನುವುದು ಸರಾಸರಿ. ಒಬ್ಬ ಮಗು ಯಾರಿಗೂ ಕೊಡದೆ ಇರಬಹುದು, ಇನ್ನೊಂದು ಮಗು ಎಂಟು ಮಂದಿಗೆ ಕೊಡಬಹುದು. 2003ರಲ್ಲಿ ಸಾರ್ಸ್ ಅನ್ನುವ ಉಸಿರಾಟದ ಸೋಂಕು ಹರಡಿದಾಗ ಇದು ತೀರ ಎದ್ದು ಕಂಡಿತ್ತು. ಹೆಚ್ಚಿನ ರೋಗಿಗಳು ಯಾರಿಗೂ ಕೊಡಲಿಲ್ಲ, ಕೆಲವೇ ಕೆಲವರು ತುಂಬ ಜನಕ್ಕೆ ಕೊಟ್ಟರು. ಸರಳ ಲೆಕ್ಕದಲ್ಲಿ, ಆರ್ ಎರಡು ಇದ್ದಾಗ ಒಂದು ಮಗುವಿನಿಂದ ಶುರುವಾದ ಸರಪಳಿ ತಾನಾಗಿಯೇ ಕಡಿದುಹೋಗುವ ಸಾಧ್ಯತೆ ಅರ್ಧಕ್ಕೆ ಅರ್ಧ. ಮೂರು ಮಕ್ಕಳಿಂದ ಶುರುವಾದರೆ ಅರ್ಧದ ಅರ್ಧದ ಅರ್ಧ, ಅಂದರೆ ಎಂಟರಲ್ಲಿ ಒಂದು. ನಿಮ್ಮಂಥದ್ದೇ ಎಂಟು ಹಾಸ್ಟೆಲ್‌ಗಳಿದ್ದರೆ ಒಂದರಲ್ಲಿ ಯಾರೂ ಏನೂ ಮಾಡದಿದ್ದರೂ ಜ್ವರ ನಿಂತುಹೋಗುತ್ತಿತ್ತು. ಅಲ್ಲಿನ ವಾರ್ಡನ್ ಏನು ಮಾಡಿದ್ದರೋ ಅದೇ ರಾಮಬಾಣ ಅಂತ ಪ್ರಚಾರ ಆಗುತ್ತಿತ್ತು! ಅದಕ್ಕೇ ಸಣ್ಣ ಗುಂಪಿಗೆ ಒಂದೇ ಉತ್ತರ ಕೊಡುವ ಮಾಡೆಲ್ ಬೇಡ. ಕಂಪ್ಯೂಟರ್‌ನಲ್ಲಿ ದಾಳ ಹಾಕುತ್ತಾ ಸಾವಿರ ಸಲ ಓಡಿಸಿ, ಎಷ್ಟು ಸಲ 50ರೊಳಗೆ ನಿಂತಿತು, ಎಷ್ಟು ಸಲ 300 ದಾಟಿತು ಅಂತ ನೋಡಬೇಕು. ಎಕ್ಸೆಲ್‌ನಲ್ಲಿ ನಿಮಗೆ ಅದು ಎರಡು ಸಂಜೆಯ ಕೆಲಸ.

ಮುಂದಿನ ಸಲ ಏನು ಮಾಡಬೇಕು ಅಂತ ಕೇಳಿದ್ದೀರಿ. ಔಷಧಿ, ಚಿಕಿತ್ಸೆಯ ಮಾತು ವೈದ್ಯರದ್ದು, ನನ್ನದಲ್ಲ. ಲೆಕ್ಕದ ಕಡೆಯಿಂದ ಇಷ್ಟು ಹೇಳಬಲ್ಲೆ.

ಎಲ್ಲರನ್ನೂ ಮನೆಗೆ ಕಳಿಸುವ ಯೋಚನೆಯ ಬಗ್ಗೆ ನನಗೆ ಭಯ ಇದೆ. ಫ್ಲೂ ಮೈಸೇರಿ ಲಕ್ಷಣ ಕಾಣಲು ಒಂದರಿಂದ ನಾಲ್ಕು ದಿನ ಬೇಕು. ಲಕ್ಷಣ ಕಾಣುವ ಸುಮಾರು ಒಂದು ದಿನ ಮೊದಲೇ ಹರಡಲು ಶುರು. ನೀವು 12 ಮಂದಿ ಮಲಗಿದ ಐದನೇ ದಿನ ಕಳಿಸಿದ್ದರೆ, ಚೆನ್ನಾಗಿಯೇ ಕಾಣುವ ಇನ್ನೂ ಹತ್ತು ಹನ್ನೆರಡು ಮಕ್ಕಳು ಸೋಂಕು ಹೊತ್ತು ಬಸ್ಸು ಹತ್ತುತ್ತಿದ್ದರು. ಹಾಸ್ಟೆಲ್‌ನ ಲೆಕ್ಕ ಅಲ್ಲಿಗೆ ನಿಲ್ಲುತ್ತಿತ್ತು, ಮನೆಗಳ ಲೆಕ್ಕ ಶುರುವಾಗುತ್ತಿತ್ತು. ಆ ಮನೆಗಳಲ್ಲಿ ಅಜ್ಜ ಅಜ್ಜಿ ಇರುತ್ತಾರೆ, ಕೈಕೂಸು ಇರುತ್ತದೆ. ಫ್ಲೂ ಜಾಸ್ತಿ ಅಪಾಯ ಮಾಡುವುದು ಅವರಿಗೇ. ನಿಮ್ಮ ಆಡಳಿತ ಮಂಡಳಿ ಯಾವ ಕಾರಣಕ್ಕೆ ಬೇಡ ಅಂದಿತೋ, ನನ್ನ ಅಭಿಪ್ರಾಯದಲ್ಲಿ ಆ ತೀರ್ಮಾನ ಸರಿಯಾಗಿತ್ತು. ಬೇಜಾರು ಮಾಡಿಕೊಳ್ಳಬೇಡಿ.

ಜ್ವರ ಬಂದವರನ್ನು ಬೇರೆ ಮಲಗಿಸುವುದು ಒಳ್ಳೆಯದು, ಆದರೆ ಅದರ ಮಿತಿ ಗೊತ್ತಿರಲಿ. ಲಕ್ಷಣಕ್ಕೆ ಮೊದಲಿನ ಆ ಒಂದು ದಿನವನ್ನು ಯಾವ ಹಾಲ್ ಕೂಡ ತಡೆಯುವುದಿಲ್ಲ. ಆರನೇ ದಿನದ ಬದಲು ಎರಡನೇ ದಿನವೇ ಮಾಡಿದ್ದರೆ ಅದೇ ವ್ಯವಸ್ಥೆ ಇನ್ನಷ್ಟು ಕೆಲಸ ಮಾಡುತ್ತಿತ್ತು. ನಾಲ್ಕು ದಿನ ತಡ ಅಂದರೆ ಎರಡು ಸಲ ದುಪ್ಪಟ್ಟು, ಅಂದರೆ ನಾಲ್ಕು ಪಟ್ಟು ಸೋಂಕಿನ ಜೊತೆ ಗುದ್ದಾಟ. ನಿಮ್ಮ ಲೆಕ್ಕದಲ್ಲಿ ನಿಜವಾಗಿ ಬೆಲೆಬಾಳುವ ಅಂಕಿ ಆ ‘ಎರಡು ದಿನ’. ನೀವು ಅದನ್ನು 17ನೇ ದಿನಕ್ಕೆ ಎಳೆದು ಹಾಳು ಮಾಡಿದಿರಿ ಅಷ್ಟೇ.

ಪಾಳಿ ಊಟ, ಪ್ರಾರ್ಥನೆ ನಿಲ್ಲಿಸುವುದು ಕೂಡ ಆರ್ ಅನ್ನು ಸ್ವಲ್ಪ ಇಳಿಸಬಹುದು. ಒಂದು ಪಾಳಿಯ ಮಕ್ಕಳು ಇನ್ನೊಂದು ಪಾಳಿಯವರ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರೆ ಮಾತ್ರ ಅದು ಬರೀ ಅಡುಗೆಯವರಿಗೆ ತೊಂದರೆ. ಕೋಣೆಯವರೆಲ್ಲ ಒಂದೇ ಪಾಳಿಯಲ್ಲಿ ಬರುವ ಹಾಗೆ ಮಾಡಿ. ಏನೂ ಮಾಡದೆ ಬಿಡುವುದೂ ಒಂದು ಆಯ್ಕೆಯೇ. ಅದರ ಅಪಾಯ ಒಟ್ಟು ಸಂಖ್ಯೆಗಿಂತ ಶಿಖರದ ದಿನದ್ದು. ಆ ಇಂಗ್ಲಿಷ್ ಶಾಲೆಯಂತೆ ಹತ್ತರಲ್ಲಿ ನಾಲ್ಕು ಮಕ್ಕಳು ಒಂದೇ ದಿನ ಮಲಗಿದರೆ ನೋಡಿಕೊಳ್ಳಲು ನಿಮ್ಮಲ್ಲಿ ಜನ ಇದ್ದಾರಾ? ಆಡಳಿತ ಮಂಡಳಿಯ ಮುಂದೆ ಇಡಬೇಕಾದ ಪ್ರಶ್ನೆ ಇದು. ಫ್ಲೂ ಕಾಲಕ್ಕೆ ಮೊದಲೇ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಜ್ವರ ಶುರುವಾದ ಮೇಲೆ ಕೊಟ್ಟರೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಅಷ್ಟರಲ್ಲಿ ಆಟ ಬಹುಮಟ್ಟಿಗೆ ಮುಗಿದಿರುತ್ತದೆ.

ಟಿವಿಯ ಲಕ್ಷಾಂತರದ ಬಗ್ಗೆ ಎರಡು ಮಾತು. 2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಲೈಬೀರಿಯಾ ಮತ್ತು ಸಿಯೆರಾ ಲಿಯೋನ್‌ನಲ್ಲಿ ಮುಂದಿನ ಜನವರಿ ಹೊತ್ತಿಗೆ 14 ಲಕ್ಷದವರೆಗೆ ಎಬೋಲಾ ಪ್ರಕರಣ ಆಗಬಹುದು ಎಂದಿತು. ಇಡೀ ಪಶ್ಚಿಮ ಆಫ್ರಿಕಾದ ಕೊನೆಯ ಲೆಕ್ಕ ಸುಮಾರು 28,600. ನಗೆಪಾಟಲು ಅಲ್ವಾ? ಆದರೆ ಆ 14 ಲಕ್ಷದ ಹಿಂದೆ ‘ಹೆಚ್ಚಿನ ಕ್ರಮ ಕೈಗೊಳ್ಳದಿದ್ದರೆ, ಜನ ತಮ್ಮ ನಡವಳಿಕೆ ಬದಲಿಸದಿದ್ದರೆ’ ಅನ್ನುವ ಮಾತಿತ್ತು. ಅದೇ ವರದಿಯಲ್ಲಿ, ನೂರಕ್ಕೆ 70 ರೋಗಿಗಳನ್ನು ಸುರಕ್ಷಿತ ವ್ಯವಸ್ಥೆಯಲ್ಲಿಟ್ಟರೆ ರೋಗ ಇಳಿಮುಖವಾಗುತ್ತದೆ ಅನ್ನುವ ಲೆಕ್ಕವೂ ಇತ್ತು. ಸುದ್ದಿಯಲ್ಲಿ ಎದ್ದು ಕಂಡಿದ್ದು 14 ಲಕ್ಷ ಮಾತ್ರ.

ಹಾಗಂತ ನಮ್ಮವರನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ನಮ್ಮಲ್ಲಿ ಒಂದು ಕೆಟ್ಟ ಚಾಳಿ ಇದೆ. ಲೆಕ್ಕ ತಪ್ಪಿದಾಗಲೆಲ್ಲ ‘ನಾವು ಎಚ್ಚರಿಸಿದ್ದಕ್ಕೇ ತಪ್ಪಿತು’ ಎನ್ನುವುದು. ಕೆಲವು ಸಲ ಅದು ನಿಜ. ಕೆಲವು ಸಲ ಮಾಡೆಲ್ಲೇ ಕೆಟ್ಟದಾಗಿರುತ್ತದೆ. ಯಾವುದೇ ಫಲಿತಾಂಶ ಬಂದರೂ ತಾನೇ ಸರಿ ಅನ್ನುವ ಲೆಕ್ಕಕ್ಕೂ ಸ್ಟಾಫ್ ರೂಮಿನವರು ಹೇಳುವ ಜೋಯಿಸಕ್ಕೂ ಏನು ವ್ಯತ್ಯಾಸ? ನೀವೂ ಆಡಳಿತ ಮಂಡಳಿಗೆ ‘ನಾವು ಹಾಲ್ ಬದಲಿಸಿದ್ದಕ್ಕೇ 131ಕ್ಕೆ ನಿಂತಿತು’ ಅಂತ ಈಗಲೇ ಹೇಳಲು ಹೋಗಬೇಡಿ. ಎರಡನೇ ಕಥೆ ಇನ್ನೂ ಬದುಕಿದೆ.

ಆ ಎರಡು ಕಥೆಗಳಲ್ಲಿ ಯಾವುದು ಸತ್ಯಕ್ಕೆ ಹತ್ತಿರ ಅಂತ ನೋಡಲು ದಾರಿ ಇದೆ. ಒಟ್ಟು ಮೊತ್ತ ಒಂದೇ ಆದರೂ ದಿನದಿನದ ಗ್ರಾಫ್ ಬೇರೆ ಬೇರೆ. ನಿಮ್ಮ ವ್ಯವಸ್ಥೆ ಕೆಲಸ ಮಾಡಿದ್ದರೆ, ಆರನೇ ದಿನದ ನಂತರ ಎರಡು ಮೂರು ದಿನಕ್ಕೆ ಏರಿಕೆ ನಿಂತು, ದಿನಕ್ಕೆ ಐದು, ಏಳು, ಆರು ಅಂತ ಚಪ್ಪಟೆಯಾಗಿ ನಾಲ್ಕೈದು ವಾರ ಎಳೆದಿರಬೇಕು. ಮಕ್ಕಳಿಗೆ ಮೊದಲೇ ರಕ್ಷಣೆ ಇದ್ದುದೇ ಕಾರಣವಾಗಿದ್ದರೆ, ಏರಿಕೆ ಆರನೇ ದಿನವನ್ನು ಲೆಕ್ಕಿಸದೆ ಹತ್ತು ಹನ್ನೊಂದನೇ ದಿನದವರೆಗೆ ಹೋಗಿ, ಆಮೇಲೆ ಬೇಗ ಇಳಿದು ಮೂರೂವರೆ ವಾರದೊಳಗೆ ಹೆಚ್ಚುಕಡಿಮೆ ಮುಗಿದಿರಬೇಕು. ಪತ್ರದಲ್ಲಿ ನೀವು ಮೊದಲ ಐದು ದಿನ ಮತ್ತು ಕೊನೆಯ ಮೊತ್ತ ಮಾತ್ರ ಬರೆದಿದ್ದೀರಿ. ಸಿಕ್ ರೂಮ್ ರಿಜಿಸ್ಟರ್ ಇದ್ದೇ ಇರುತ್ತದೆ. ಆ ಪುಟಗಳ ಫೋಟೊ ಕಳಿಸಿ, ಮಕ್ಕಳ ಹೆಸರು ಮುಚ್ಚಿ. ಯಾವ ಕೋಣೆ ಅನ್ನುವುದು ಕಾಣುತ್ತಿರಲಿ. ಮತ್ತೆ, ಭಾನುವಾರ ನರ್ಸ್ ಬರುತ್ತಿದ್ದರಾ ಅಂತಲೂ ಬರೆಯಿರಿ.